ರಾಷ್ಟ್ರೀಯ ಆರೋಗ್ಯ ಸಮೀಕ್ಷೆಗಳು ಮತ್ತು ಸಾರ್ವಜನಿಕ ಆರೋಗ್ಯ ಯೋಜನೆ

ಒಂದು ದೇಶದ ಜನರ ಆರೋಗ್ಯಸ್ಥಿತಿ, ಕಾಯಿಲೆಗಳ ಹರಡಿಕೆ, ಆಹಾರ ಮತ್ತು ಜೀವನಕ್ರಮ, ಚಿಕಿತ್ಸಾ ಸೌಲಭ್ಯಗಳನ್ನು ಅವರು ಬಳಸಿಕೊಳ್ಳುವ ಬಗೆ ಇವನ್ನೆಲ್ಲ ತಿಳಿಯುವ ಸಲುವಾಗಿ, ಶಾಸ್ತ್ರೀಯ ಕ್ರಮದಲ್ಲಿ ಆಯ್ದ ಮನೆಗಳಿಗೆ ಹೋಗಿ, ಎಲ್ಲೆಡೆಯೂ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳಿ, ಒಂದೇ ಬಗೆಯ ಅಳತೆಗಳನ್ನು ತೆಗೆದು ಮಾಹಿತಿ ಕಲೆಹಾಕುವ ಕಾರ್ಯಕ್ಕೆ ರಾಷ್ಟ್ರೀಯ ಆರೋಗ್ಯ ಸಮೀಕ್ಷೆ ಎಂದು ಹೆಸರು. ಯಾವ ಸಮಸ್ಯೆ ಎಷ್ಟು ದೊಡ್ಡದು, ಅದು ಯಾವ ಪ್ರದೇಶದಲ್ಲಿ ಮತ್ತು ಯಾವ ವರ್ಗದ ಜನರಲ್ಲಿ ಹೆಚ್ಚಾಗಿದೆ, ಹಿಂದಿನ ಸ್ಥಿತಿಗೆ ಹೋಲಿಸಿದರೆ ಈಗ ಏನು ಬದಲಾಗಿದೆ ಎಂಬ ಮೂರು ಪ್ರಶ್ನೆಗಳಿಗೆ ಇದು ಉತ್ತರ ಕೊಡುವುದರಿಂದ, ಸರ್ಕಾರಗಳು ಆದ್ಯತೆಗಳನ್ನು ಗೊತ್ತುಮಾಡಲು, ಗುರಿಗಳನ್ನು ನಿಗದಿಪಡಿಸಲು, ಹಣ ಹಂಚಲು ಮತ್ತು ಕಾರ್ಯಕ್ರಮಗಳ ಫಲವನ್ನು ಪರಿಶೀಲಿಸಲು ಇದನ್ನು ಅವಲಂಬಿಸುತ್ತವೆ. ಭಾರತದಲ್ಲಿ ಈ ಬಗೆಯ ಸಮೀಕ್ಷೆಗಳಲ್ಲಿ ಅತ್ಯಂತ ವ್ಯಾಪಕವಾದದ್ದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ.

ಸಮೀಕ್ಷೆ ಏಕೆ ಬೇಕು

ಜನರ ಆರೋಗ್ಯದ ಬಗ್ಗೆ ಸರ್ಕಾರಕ್ಕೆ ಮಾಹಿತಿ ಒದಗಿಸುವ ಮೂಲಗಳು ಮುಖ್ಯವಾಗಿ ಮೂರು. ಮೊದಲನೆಯದು ಜನನ ಮರಣಗಳ ನೋಂದಣಿ; ಎರಡನೆಯದು ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ ಹಾಗೂ ಉಪಕೇಂದ್ರಗಳಿಂದ ತಿಂಗಳು ತಿಂಗಳು ಬರುವ ಸೇವಾ ದಾಖಲೆಗಳು; ಮೂರನೆಯದು ಮನೆಮನೆಯ ಸಮೀಕ್ಷೆ. ನೋಂದಣಿಯು ಹುಟ್ಟು ಸಾವುಗಳ ಸಂಖ್ಯೆಯನ್ನು ಹೇಳುತ್ತದೆಯೇ ಹೊರತು ಬದುಕಿರುವವರ ಆರೋಗ್ಯವನ್ನು ಹೇಳುವುದಿಲ್ಲ. ಸೇವಾ ದಾಖಲೆಗಳು ಕೇಂದ್ರದ ಬಾಗಿಲಿಗೆ ಬಂದವರನ್ನು ಮಾತ್ರ ಎಣಿಸುತ್ತವೆ. ಬಾರದೆ ಉಳಿದವರು, ಖಾಸಗಿ ವೈದ್ಯರ ಬಳಿ ಹೋದವರು, ಕಾಯಿಲೆ ಇದೆಯೆಂದೇ ಅರಿಯದವರು ಅವುಗಳಲ್ಲಿ ಕಾಣಿಸಿಕೊಳ್ಳುವುದಿಲ್ಲ. ಒಂದು ತಾಲ್ಲೂಕಿನಲ್ಲಿ ಎಷ್ಟು ಡೋಸ್ ಲಸಿಕೆ ಖರ್ಚಾಯಿತು ಎಂಬುದು ದಾಖಲೆಯಿಂದ ತಿಳಿಯುತ್ತದೆ, ಆದರೆ ಲಸಿಕೆ ಪಡೆಯದ ಮಕ್ಕಳು ಎಷ್ಟು ಮಂದಿ, ಅವರು ಯಾವ ಮನೆಗಳವರು ಎಂಬುದು ತಿಳಿಯುವುದಿಲ್ಲ. ಈ ಕೊರತೆಯನ್ನು ತುಂಬುವುದೇ ಸಮೀಕ್ಷೆಯ ವಿಶೇಷ. ಅದು ಸೇವೆ ಪಡೆದವರನ್ನೂ ಪಡೆಯದವರನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿಕೊಂಡು ಆ ಒಟ್ಟು ಸಂಖ್ಯೆಯನ್ನು ಛೇದವಾಗಿ ಇಟ್ಟು ಲೆಕ್ಕ ಹಾಕುತ್ತದೆ.

ಹಿನ್ನೆಲೆ

ಅಮೆರಿಕ ಸಂಯುಕ್ತ ಸಂಸ್ಥಾನವು 1956ರಲ್ಲಿ ರಾಷ್ಟ್ರೀಯ ಆರೋಗ್ಯ ಸಮೀಕ್ಷಾ ಕಾಯಿದೆಯನ್ನು ಮಾಡಿ, ಜನರ ಆರೋಗ್ಯವನ್ನು ನಿರಂತರವಾಗಿ ಅಳೆಯುವ ಏರ್ಪಾಡನ್ನು ಕಾನೂನಿನ ನೆಲೆಯಲ್ಲಿ ತಂದಿತು. ಅಲ್ಲಿನ ಆರೋಗ್ಯ ಮತ್ತು ಪೋಷಣೆ ಪರೀಕ್ಷಾ ಸಮೀಕ್ಷೆಯು 1976ರಿಂದ 1980ರವರೆಗೆ ಜನರ ರಕ್ತದಲ್ಲಿನ ಸೀಸದ ಪ್ರಮಾಣವನ್ನು ಅಳೆದಾಗ, ಪೆಟ್ರೋಲಿನಲ್ಲಿ ಸೀಸದ ಬಳಕೆ ತಗ್ಗಿದಂತೆ ರಕ್ತದಲ್ಲಿನ ಸೀಸವೂ ಅದೇ ಜಾಡಿನಲ್ಲಿ ತಗ್ಗಿದ್ದು ಕಂಡುಬಂದಿತು. ಪೆಟ್ರೋಲಿನಿಂದ ಸೀಸವನ್ನು ತೆಗೆದುಹಾಕುವ ಕ್ರಮವನ್ನು ಚುರುಕುಗೊಳಿಸಲು ಈ ಪುರಾವೆ ನೆರವಾಯಿತು. ಅಭಿವೃದ್ಧಿಶೀಲ ದೇಶಗಳಲ್ಲಿ 1984ರಲ್ಲಿ ಆರಂಭವಾದ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷಾ ಕಾರ್ಯಕ್ರಮವು ಒಂದೇ ಮಾದರಿಯ ಪ್ರಶ್ನಾವಳಿಯನ್ನು ಹಲವಾರು ದೇಶಗಳಲ್ಲಿ ಬಳಕೆಗೆ ತಂದು, ದೇಶದೇಶಗಳ ನಡುವಣ ಹೋಲಿಕೆಗೆ ಅವಕಾಶ ಮಾಡಿಕೊಟ್ಟಿತು.

ಭಾರತದಲ್ಲಿ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿ 1946ರಲ್ಲಿ ವರದಿ ಸಲ್ಲಿಸಿದ ಭೋರ್ ಸಮಿತಿಯು ನಂಬಲರ್ಹವಾದ ಜನನ ಮರಣ ಅಂಕಿಅಂಶಗಳ ಕೊರತೆಯತ್ತ ಗಮನ ಸೆಳೆದಿತ್ತು. ಪಿ.ಸಿ. ಮಹಾಲನೋಬಿಸ್ ಅವರ ನೇತೃತ್ವದಲ್ಲಿ 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ರೂಪುಗೊಂಡಿತು. ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಕೂಡಿ 1951–52ರಲ್ಲಿ ಆಗಿನ ಮೈಸೂರು ರಾಜ್ಯದಲ್ಲಿ ನಡೆಸಿದ ಜನಸಂಖ್ಯಾ ಅಧ್ಯಯನವು ಜನನ ಮರಣಗಳನ್ನು ಮಾತ್ರವಲ್ಲದೆ ಮಕ್ಕಳ ಸಂಖ್ಯೆಯ ಬಗ್ಗೆ ದಂಪತಿಗಳ ಅಭಿಪ್ರಾಯಗಳನ್ನೂ ಮನೆಗಳಿಂದಲೇ ಕೇಳಿ ತಿಳಿದ ಆರಂಭಿಕ ಪ್ರಯತ್ನಗಳಲ್ಲಿ ಒಂದು. ಹುಟ್ಟು ಸಾವುಗಳ ದರವನ್ನು ವರ್ಷವರ್ಷವೂ ಅಂದಾಜು ಮಾಡುವ ಮಾದರಿ ನೋಂದಣಿ ಪದ್ಧತಿ 1969–70ರಿಂದ ಪೂರ್ಣ ಪ್ರಮಾಣದಲ್ಲಿ ಜಾರಿಗೆ ಬಂದಿತು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ

ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯದ ಪರವಾಗಿ ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಈ ಸಮೀಕ್ಷೆಯನ್ನು ನಡೆಸುತ್ತದೆ. ಮೊದಲ ಸುತ್ತು 1992–93ರಲ್ಲಿ, ಎರಡನೆಯದು 1998–99ರಲ್ಲಿ, ಮೂರನೆಯದು 2005–06ರಲ್ಲಿ, ನಾಲ್ಕನೆಯದು 2015–16ರಲ್ಲಿ ಮತ್ತು ಐದನೆಯದು 2019–21ರಲ್ಲಿ ನಡೆದವು. ಆರನೆಯ ಸುತ್ತಿನ ಕ್ಷೇತ್ರಕಾರ್ಯ 2023–24ರಲ್ಲಿ ನಡೆಯಿತು. ಮೊದಲ ಸುತ್ತಿನಲ್ಲಿ 88,562 ಮನೆಗಳನ್ನು ಒಳಗೊಂಡಿದ್ದ ಸಮೀಕ್ಷೆಯು ಐದನೆಯ ಸುತ್ತಿನ ವೇಳೆಗೆ 707 ಜಿಲ್ಲೆಗಳ 6,36,699 ಮನೆಗಳಿಗೆ ವಿಸ್ತರಿಸಿ, 7,24,115 ಮಹಿಳೆಯರಿಂದಲೂ 1,01,839 ಪುರುಷರಿಂದಲೂ ಮಾಹಿತಿ ಪಡೆಯಿತು. ಆರಂಭದಲ್ಲಿ ವಿವಾಹಿತ ಮಹಿಳೆಯರ ಸಂತಾನ ಮತ್ತು ಕುಟುಂಬ ಯೋಜನೆಯೇ ಪ್ರಧಾನ ವಿಷಯವಾಗಿತ್ತು. ಮೂರನೆಯ ಸುತ್ತಿನಲ್ಲಿ ಅವಿವಾಹಿತ ಮಹಿಳೆಯರೂ ಪುರುಷರೂ ಸೇರಿದರು, ಎಚ್‌ಐವಿ ಪರೀಕ್ಷೆ ಬಂದಿತು. ಮುಂದಿನ ಸುತ್ತುಗಳಲ್ಲಿ ರಕ್ತದೊತ್ತಡ ಮತ್ತು ರಕ್ತದ ಸಕ್ಕರೆಯ ಅಳತೆಗಳು ಕೂಡಿಕೊಂಡವು. ತಾಯಿ ಮಕ್ಕಳ ಆರೋಗ್ಯಕ್ಕೆ ಸೀಮಿತವಾಗಿದ್ದ ಯೋಜನೆಯ ದೃಷ್ಟಿ ದೀರ್ಘಕಾಲಿಕ ಕಾಯಿಲೆಗಳತ್ತಲೂ ಹರಿದದ್ದು ಈ ಪ್ರಶ್ನಾವಳಿಯ ಬೆಳವಣಿಗೆಯಲ್ಲೇ ಕಾಣುತ್ತದೆ.

ಮನೆಗಳ ಆಯ್ಕೆ ಎರಡು ಹಂತಗಳಲ್ಲಿ ನಡೆಯುತ್ತದೆ. ಜನಗಣತಿಯ ಪಟ್ಟಿಯನ್ನು ಆಧಾರವಾಗಿಟ್ಟುಕೊಂಡು, ಗ್ರಾಮೀಣ ಭಾಗದಲ್ಲಿ ಹಳ್ಳಿಗಳನ್ನೂ ನಗರಗಳಲ್ಲಿ ಜನಗಣತಿಯ ಎಣಿಕೆ ಬ್ಲಾಕುಗಳನ್ನೂ ಮೊದಲು ಆರಿಸಲಾಗುತ್ತದೆ; ಜನಸಂಖ್ಯೆ ಹೆಚ್ಚಿರುವ ಹಳ್ಳಿಗೆ ಆಯ್ಕೆಯಾಗುವ ಅವಕಾಶವೂ ಹೆಚ್ಚು. ಅನಂತರ ಆರಿಸಿದ ಪ್ರತಿ ಸ್ಥಳದಲ್ಲಿ ಎಲ್ಲ ಮನೆಗಳನ್ನೂ ಪಟ್ಟಿಮಾಡಿ, ಆ ಪಟ್ಟಿಯಿಂದ ನಿಯತ ಅಂತರದಲ್ಲಿ 22 ಮನೆಗಳನ್ನು ಆಯ್ದುಕೊಳ್ಳಲಾಗುತ್ತದೆ. ಯಾವ ಮನೆಗೆ ಹೋಗಬೇಕೆಂಬುದನ್ನು ಕ್ಷೇತ್ರ ಸಿಬ್ಬಂದಿಯ ಅನುಕೂಲಕ್ಕೆ ಬಿಡದಿರುವುದು ಈ ಕ್ರಮದ ಜೀವಾಳ. ಬೀಗ ಹಾಕಿದ ಮನೆಗೆ ಬದಲಾಗಿ ಪಕ್ಕದ ಮನೆಯನ್ನು ಹಿಡಿದರೆ, ಕೂಲಿಗೆ ಹೋದವರ ಮನೆಗಳು ತಪ್ಪಿಹೋಗಿ ಬಡತನದ ಅಂದಾಜೇ ಕೆಡುತ್ತದೆ. ಮನೆ, ಮಹಿಳೆ, ಪುರುಷ ಮತ್ತು ದೈಹಿಕ ಅಳತೆಗಳಿಗೆ ಸಂಬಂಧಿಸಿದ ನಾಲ್ಕು ಪ್ರಶ್ನಾವಳಿಗಳನ್ನು ಸ್ಥಳೀಯ ಭಾಷೆಗಳಲ್ಲಿ ಸಿದ್ಧಪಡಿಸಿ, ತರಬೇತಿ ಪಡೆದ ಸಂದರ್ಶಕರು ಉತ್ತರಗಳನ್ನು ನೇರವಾಗಿ ಕಂಪ್ಯೂಟರಿಗೆ ದಾಖಲಿಸುತ್ತಾರೆ.

ಪ್ರಮುಖ ಸೂಚಕಗಳ ಹಾದಿ

ಸಮೀಕ್ಷೆಯಲ್ಲಿ ಅಳೆಯುವ ಪ್ರತಿಯೊಂದು ಅಂಶಕ್ಕೂ ಸೂಚಕ ಎಂದು ಹೆಸರು. ಒಟ್ಟು ಫಲವತ್ತತೆ ದರ, ಎಂದರೆ ಪ್ರಸ್ತುತ ಜನನ ಪ್ರಮಾಣವೇ ಮುಂದುವರಿದರೆ ಒಬ್ಬ ಮಹಿಳೆ ತನ್ನ ಜೀವಿತದಲ್ಲಿ ಹೆರುವ ಮಕ್ಕಳ ಸರಾಸರಿ ಸಂಖ್ಯೆ, ಮೊದಲ ಸುತ್ತಿನಲ್ಲಿ 3.4 ಇದ್ದದ್ದು ಐದನೆಯ ಸುತ್ತಿನಲ್ಲಿ 2.0ಕ್ಕೆ ಇಳಿಯಿತು. ಶಿಶುಮರಣ ದರ, ಎಂದರೆ ಜೀವಂತವಾಗಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಒಂದು ವರ್ಷ ತುಂಬುವ ಮೊದಲೇ ಸಾಯುವವರ ಸಂಖ್ಯೆ, ಇದೇ ಅವಧಿಯಲ್ಲಿ ಸುಮಾರು 79ರಿಂದ 35ಕ್ಕೆ ಬಂದಿತು. ಒಂದರಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ಮೂಲ ಲಸಿಕೆಗಳೆಲ್ಲವನ್ನೂ ಪಡೆದವರ ಪ್ರಮಾಣ ಶೇ. 35ರ ಆಸುಪಾಸಿನಿಂದ ಶೇ. 76ಕ್ಕೆ ಏರಿತು.

ಎಲ್ಲ ಸೂಚಕಗಳೂ ಒಂದೇ ವೇಗದಲ್ಲಿ ಸಾಗಲಿಲ್ಲ. ವಯಸ್ಸಿಗೆ ತಕ್ಕ ಎತ್ತರವಿಲ್ಲದಿರುವುದನ್ನು ಕುಂಠಿತ ಬೆಳವಣಿಗೆಯೆಂದೂ ಎತ್ತರಕ್ಕೆ ತಕ್ಕ ತೂಕವಿಲ್ಲದಿರುವುದನ್ನು ಕೃಶತೆಯೆಂದೂ ಕರೆಯುತ್ತಾರೆ; ಮೊದಲನೆಯದು ದೀರ್ಘಕಾಲದ ಅಪೌಷ್ಟಿಕತೆಯ ಗುರುತು, ಎರಡನೆಯದು ಇತ್ತೀಚಿನ ಹಸಿವು ಅಥವಾ ಕಾಯಿಲೆಯ ಗುರುತು. ಐದು ವರ್ಷದೊಳಗಿನ ಮಕ್ಕಳಲ್ಲಿ ಕುಂಠಿತ ಬೆಳವಣಿಗೆಯು 2005–06ರ ಶೇ. 48ರಿಂದ 2019–21ರಲ್ಲಿ ಶೇ. 35.5ಕ್ಕೆ ಇಳಿದರೂ, ಕೃಶತೆಯು ಶೇ. 19.8ರಿಂದ ಶೇ. 19.3ಕ್ಕೆ ಬಂದು ಬಹುಮಟ್ಟಿಗೆ ನಿಂತಲ್ಲೇ ನಿಂತಿದೆ. ಇದೇ ವೇಳೆ ಅತಿತೂಕದ ಅಥವಾ ಬೊಜ್ಜಿನ ಮಹಿಳೆಯರ ಪ್ರಮಾಣ ನಾಲ್ಕು ಮತ್ತು ಐದನೆಯ ಸುತ್ತುಗಳ ನಡುವೆ ಶೇ. 20.6ರಿಂದ ಶೇ. 24ಕ್ಕೆ ಏರಿರುವುದರಿಂದ, ಕೊರತೆಯೂ ಅತಿರೇಕವೂ ಏಕಕಾಲದಲ್ಲಿ ಇರುವ ಸಮಾಜಕ್ಕೆ ಪೋಷಣೆಯ ಯೋಜನೆ ಮಾಡಬೇಕಾದ ಸ್ಥಿತಿ ಒದಗಿದೆ.

ಯೋಜನೆಯಲ್ಲಿ ಬಳಕೆ

ಸಮೀಕ್ಷೆಯೊಂದು ಆರೋಗ್ಯ ನೀತಿಯ ದಿಕ್ಕನ್ನೇ ಬದಲಿಸಿದ ಸ್ಪಷ್ಟ ನಿದರ್ಶನ ಕ್ಷಯರೋಗದ್ದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1955ರಿಂದ 1958ರವರೆಗೆ ಎಕ್ಸ್‌ರೇ ಮತ್ತು ಕಫ ಪರೀಕ್ಷೆಗಳ ಮೂಲಕ ನಡೆಸಿದ ರಾಷ್ಟ್ರೀಯ ಸಮೀಕ್ಷೆಯು, ಕ್ಷಯವು ನಗರಗಳ ರೋಗವೆಂಬ ನಂಬಿಕೆಯನ್ನು ಅಲ್ಲಗಳೆದು, ಹಳ್ಳಿಗಳಲ್ಲೂ ಅದು ಹೆಚ್ಚು ಕಡಿಮೆ ಅಷ್ಟೇ ಹರಡಿದೆಯೆಂದು ತೋರಿಸಿತು. ದೇಶದ ಬಹುಪಾಲು ಜನ ಹಳ್ಳಿಗಳಲ್ಲಿದ್ದುದರಿಂದ ರೋಗಿಗಳಲ್ಲಿ ಹೆಚ್ಚಿನವರೂ ಅಲ್ಲಿಯೇ ಇದ್ದರು. ಅವರೆಲ್ಲರಿಗೂ ಸ್ಯಾನಿಟೋರಿಯಂಗಳನ್ನು, ಎಂದರೆ ಕ್ಷಯರೋಗಿಗಳನ್ನು ಇರಿಸಿಕೊಂಡು ಚಿಕಿತ್ಸೆ ನೀಡುವ ಆಸ್ಪತ್ರೆಗಳನ್ನು, ಕಟ್ಟಿಸುವುದು ಅಸಾಧ್ಯವೆಂಬುದು ಈ ಲೆಕ್ಕದಿಂದಲೇ ಖಚಿತವಾಯಿತು. ಮನೆಯಲ್ಲಿದ್ದುಕೊಂಡೇ ಪಡೆಯುವ ಚಿಕಿತ್ಸೆ ಸ್ಯಾನಿಟೋರಿಯಂ ಚಿಕಿತ್ಸೆಗೆ ಕಡಿಮೆಯಲ್ಲವೆಂದು ಮದರಾಸಿನಲ್ಲಿ ನಡೆದ ಅಧ್ಯಯನವೊಂದು ಅದೇ ವೇಳೆಗೆ ತೋರಿಸಿಕೊಟ್ಟಿತ್ತು. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿದಾಗ, ರೋಗಿಗಳಲ್ಲಿ ಬಹುತೇಕರಿಗೆ ತಮ್ಮ ರೋಗಲಕ್ಷಣಗಳ ಅರಿವಿತ್ತೆಂದೂ ಸುಮಾರು ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆ ಅರಸಿ ಹೊರಟಿದ್ದರೆಂದೂ ತಿಳಿದುಬಂದಿತು. ಹೀಗಾಗಿ ರೋಗಿಗಳನ್ನು ಹುಡುಕಿಕೊಂಡು ಊರೂರು ಅಲೆಯುವುದಕ್ಕಿಂತ, ಕೆಮ್ಮೆಂದು ಸಾಮಾನ್ಯ ಆಸ್ಪತ್ರೆಗೆ ಬಂದವರ ಕಫವನ್ನು ಅಲ್ಲಿಯೇ ಪರೀಕ್ಷಿಸುವ ಏರ್ಪಾಡು ಮುಖ್ಯವೆಂಬ ತತ್ತ್ವದ ಮೇಲೆ 1962ರಲ್ಲಿ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ರೂಪುಗೊಂಡಿತು. ಬಹುಕಾಲದ ಅನಂತರ 2019–21ರಲ್ಲಿ ನಡೆದ ರಾಷ್ಟ್ರೀಯ ಕ್ಷಯ ಹರಡಿಕೆಯ ಸಮೀಕ್ಷೆಯಲ್ಲಿ, ಲಕ್ಷಣಗಳಿದ್ದವರ ಪೈಕಿ ಶೇ. 64 ಮಂದಿ ಚಿಕಿತ್ಸೆಗೆ ಹೋಗಿರಲಿಲ್ಲವೆಂಬ ಅಂಶ ಹೊರಬಿದ್ದದ್ದು, ಆರೋಗ್ಯ ಕಾರ್ಯಕರ್ತರೇ ಜನರ ಬಳಿಗೆ ಹೋಗಿ ರೋಗ ಪತ್ತೆಹಚ್ಚುವ ಕ್ರಮಕ್ಕೆ ಹೊಸ ಸಮರ್ಥನೆ ನೀಡಿತು.

ಎಚ್‌ಐವಿ ಸೋಂಕಿನ ಅಂದಾಜು ಎರಡನೆಯ ನಿದರ್ಶನ. ಸರ್ಕಾರಿ ಆಸ್ಪತ್ರೆಗಳ ಗರ್ಭಿಣಿಯರು ಮತ್ತು ಸೋಂಕಿನ ಅಪಾಯ ಹೆಚ್ಚಿರುವ ಗುಂಪುಗಳ ಪರೀಕ್ಷೆಯನ್ನೇ ಆಧರಿಸಿ, ದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು ಸೋಂಕಿತರಿದ್ದಾರೆಂದು ಅಂದಾಜು ಮಾಡಲಾಗಿತ್ತು. ಮೂರನೆಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ರಕ್ತವನ್ನು ಪರೀಕ್ಷಿಸಿದಾಗ 15ರಿಂದ 49 ವರ್ಷದವರಲ್ಲಿ ಸೋಂಕು ಶೇ. 0.28 ಮಾತ್ರ ಇರುವುದು ಕಂಡುಬಂದಿತು. ಇದನ್ನೂ ವಿಸ್ತರಿಸಿದ ಆಸ್ಪತ್ರೆ ನಿಗಾ ಕೇಂದ್ರಗಳ ಮಾಹಿತಿಯನ್ನೂ ಕೂಡಿಸಿ, 2007ರಲ್ಲಿ ಅಂದಾಜನ್ನು ಸುಮಾರು 25 ಲಕ್ಷಕ್ಕೆ ಪರಿಷ್ಕರಿಸಲಾಯಿತು. ಸಾಮಾನ್ಯ ಜನರಲ್ಲಿ ಸೋಂಕು ಕಡಿಮೆಯೆಂದು ಸಮೀಕ್ಷೆ ಹೇಳಿತು. ಆದರೆ ಸೋಂಕು ಕೇಂದ್ರೀಕೃತವಾಗಿರುವ ಸಣ್ಣ ಗುಂಪುಗಳು ಮನೆಮನೆಯ ಸಮೀಕ್ಷೆಗೆ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ ನಿಗಾ ಕೇಂದ್ರಗಳ ಅಗತ್ಯ ಹಾಗೆಯೇ ಉಳಿಯಿತು.

ಹೆರಿಗೆಯ ವಿಷಯದಲ್ಲಿ ಸಮೀಕ್ಷೆಯು ಒಂದು ಕಾರ್ಯಕ್ರಮದ ಯಶಸ್ಸನ್ನೂ ಅದರ ಮಿತಿಯನ್ನೂ ಒಟ್ಟಿಗೆ ತೋರಿಸಿತು. ಸಾಂಸ್ಥಿಕ ಹೆರಿಗೆ, ಎಂದರೆ ಆಸ್ಪತ್ರೆ ಅಥವಾ ಆರೋಗ್ಯ ಕೇಂದ್ರದಲ್ಲಿ ಆಗುವ ಹೆರಿಗೆ, 2005–06ರಲ್ಲಿ ಶೇ. 39ರಷ್ಟಿತ್ತು. ಅದೇ ಹೊತ್ತಿಗೆ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ, ಆಶಾ ಕಾರ್ಯಕರ್ತೆಯರ ನೇಮಕ ಮತ್ತು ಹೆರಿಗೆಗೆ ಆಸ್ಪತ್ರೆಗೆ ಬಂದವರಿಗೆ ನಗದು ನೆರವು ನೀಡುವ ಜನನಿ ಸುರಕ್ಷಾ ಯೋಜನೆ ಆರಂಭವಾದವು. ಈ ಪ್ರಮಾಣ 2015–16ರಲ್ಲಿ ಶೇ. 79ಕ್ಕೂ 2019–21ರಲ್ಲಿ ಶೇ. 89ಕ್ಕೂ ಏರಿತು. ಹೆರಿಗೆಗಳು ಆಸ್ಪತ್ರೆಗೆ ಬಂದ ಮೇಲೆ ಅಲ್ಲಿ ದೊರೆಯುವ ಆರೈಕೆಯ ಗುಣಮಟ್ಟವೇ ಮುಂದಿನ ಪ್ರಶ್ನೆಯಾಯಿತು. 2017ರ ಕೊನೆಯಲ್ಲಿ ಆರಂಭವಾದ ‘ಲಕ್ಷ್ಯ’ ಕಾರ್ಯಕ್ರಮ ಹೆರಿಗೆ ಕೊಠಡಿಗಳ ಗುಣಮಟ್ಟವನ್ನೇ ಗುರಿಯಾಗಿಸಿಕೊಂಡಿತು. ಇನ್ನೊಂದೆಡೆ, ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ. 47ರಷ್ಟು ಸಿಸೇರಿಯನ್ ಶಸ್ತ್ರಚಿಕಿತ್ಸೆಯಿಂದ ಆಗುತ್ತಿವೆಯೆಂದು ಐದನೆಯ ಸುತ್ತು ತಿಳಿಸಿದ್ದು, ಅತಿಚಿಕಿತ್ಸೆಯನ್ನು ನಿಯಂತ್ರಿಸುವ ಬಗೆಯೂ ಯೋಜನೆಯ ಭಾಗವಾಗಬೇಕೆಂಬುದನ್ನು ಮುಂದಿಟ್ಟಿತು.

ಗುರಿ ನಿಗದಿಗೆ ಸಮೀಕ್ಷೆಯನ್ನು ನೇರವಾಗಿ ಬಳಸಿದ್ದಕ್ಕೆ 2018ರ ಪೋಷಣ್ ಅಭಿಯಾನ ಸಾಕ್ಷಿ. ನಾಲ್ಕನೆಯ ಸುತ್ತಿನಲ್ಲಿ ಶೇ. 38.4 ಇದ್ದ ಕುಂಠಿತ ಬೆಳವಣಿಗೆಯನ್ನು 2022ರೊಳಗೆ ಶೇ. 25ಕ್ಕೆ ಇಳಿಸುವ ಗುರಿಯನ್ನು ಅದು ಇಟ್ಟುಕೊಂಡಿತು. ಐದನೆಯ ಸುತ್ತು ಈ ಪ್ರಮಾಣ ಶೇ. 35.5ರಲ್ಲಿದೆಯೆಂದು ತೋರಿಸಿ, ಗುರಿಗೂ ನೆಲದ ವಾಸ್ತವಕ್ಕೂ ಇದ್ದ ದೂರವನ್ನು ಬಯಲುಮಾಡಿತು. ಸರ್ಕಾರ ತಾನೇ ಇಟ್ಟುಕೊಂಡ ಗುರಿಯನ್ನು ಅದರ ದಾಖಲೆಗಳಿಂದ ಹೊರಗಿನ ಅಳತೆಯೊಂದು ಪರಿಶೀಲಿಸುವುದು ಪ್ರಜಾಪ್ರಭುತ್ವದ ಯೋಜನೆಗೆ ಅಗತ್ಯವಾದ ಅಂಶ.

ಜಿಲ್ಲಾ ಮಟ್ಟದ ಅಂದಾಜು ಮತ್ತು ಕರ್ನಾಟಕ

ರಾಜ್ಯದ ಸರಾಸರಿಯು ಅದರೊಳಗಿನ ವ್ಯತ್ಯಾಸವನ್ನು ಮುಚ್ಚಿಹಾಕುತ್ತದೆ. ಆದ್ದರಿಂದ 1998ರಿಂದ ಜಿಲ್ಲಾ ಮಟ್ಟದ ಪ್ರತ್ಯೇಕ ಸಮೀಕ್ಷೆಗಳು ನಡೆದವು. 2015–16ರ ಸುತ್ತಿನಿಂದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಎಲ್ಲ ಜಿಲ್ಲೆಗಳ ಅಂದಾಜುಗಳನ್ನು ಕೊಡತೊಡಗಿತು. ಐದನೆಯ ಸುತ್ತಿನಂತೆ ಕರ್ನಾಟಕದ ಒಟ್ಟು ಫಲವತ್ತತೆ ದರ 1.7, ಸಾಂಸ್ಥಿಕ ಹೆರಿಗೆ ಶೇ. 97, ಪೂರ್ಣ ಲಸಿಕೆ ಪಡೆದ ಮಕ್ಕಳು ಶೇ. 84. ಈ ಮೂರೂ ರಾಷ್ಟ್ರದ ಸರಾಸರಿಗಿಂತ ಮುಂದಿರುವ ಸೂಚಕಗಳು. ಆದರೆ ಕುಂಠಿತ ಬೆಳವಣಿಗೆಯ ಪ್ರಮಾಣ ಶೇ. 35.4 ಆಗಿದ್ದು ರಾಷ್ಟ್ರದ ಸರಾಸರಿಯ ಮಟ್ಟದಲ್ಲೇ ಉಳಿದಿದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65ರಷ್ಟು ಮಂದಿಗೆ ರಕ್ತಹೀನತೆ ಇದೆ. 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ. 21ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿದೆ. ಆಸ್ಪತ್ರೆಯ ಸೇವೆ ಹರಡಿದಷ್ಟು ಸುಲಭವಾಗಿ ಆಹಾರ ಮತ್ತು ಮದುವೆಯ ವಯಸ್ಸು ಬದಲಾಗಿಲ್ಲವೆಂಬುದನ್ನು ಈ ಹೋಲಿಕೆ ಹೇಳುತ್ತದೆ.

ಜಿಲ್ಲೆಗಳನ್ನು ಬಿಡಿಬಿಡಿಯಾಗಿ ನೋಡಿದಾಗ ಯಾದಗಿರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ಬೆಳವಣಿಗೆ ಕುಂಠಿತವಾಗಿರುವುದು ಕಾಣುತ್ತದೆ. ಯಾದಗಿರಿ ಮತ್ತು ರಾಯಚೂರು ಜಿಲ್ಲೆಗಳು 2018ರಲ್ಲಿ ಆರಂಭವಾದ, ಹಿಂದುಳಿದ ಜಿಲ್ಲೆಗಳಿಗೆ ಆದ್ಯತೆ ನೀಡುವ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಕಾರ್ಯಕ್ರಮಕ್ಕೆ ಆಯ್ಕೆಯಾದವು. ಕರ್ನಾಟಕ ಸರ್ಕಾರವು 2021ರ ಡಿಸೆಂಬರಿನಲ್ಲಿ ಶಾಲೆಯ ಬಿಸಿಯೂಟದೊಂದಿಗೆ ಮೊಟ್ಟೆ, ಅದನ್ನು ತಿನ್ನದವರಿಗೆ ಬಾಳೆಹಣ್ಣು ಕೊಡುವ ಕ್ರಮವನ್ನು ಮೊದಲು ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮತ್ತು ವಿಜಯಪುರದಲ್ಲಿ ಜಾರಿಗೆ ತಂದಾಗ, ಆ ಭಾಗದ ಮಕ್ಕಳಲ್ಲಿ ಅಪೌಷ್ಟಿಕತೆ ಮತ್ತು ರಕ್ತಹೀನತೆ ಹೆಚ್ಚಿರುವುದೇ ಅದಕ್ಕೆ ಆಧಾರವಾಗಿತ್ತು. ಎಲ್ಲೆಡೆಗೂ ಸಮನಾಗಿ ಹಂಚುವುದಕ್ಕೆ ಬದಲಾಗಿ ಅಗತ್ಯ ಹೆಚ್ಚಿರುವಲ್ಲಿ ಮೊದಲು ಆರಂಭಿಸಲು ಜಿಲ್ಲಾವಾರು ಅಂದಾಜು ದಾರಿ ಮಾಡಿಕೊಡುತ್ತದೆ.

ವಿಶೇಷ ವಿಷಯಗಳ ಸಮೀಕ್ಷೆಗಳು

ಒಂದೇ ಸಮೀಕ್ಷೆಯಲ್ಲಿ ಎಲ್ಲ ಕಾಯಿಲೆಗಳನ್ನೂ ಆಳವಾಗಿ ಅಳೆಯಲು ಆಗುವುದಿಲ್ಲ. ಮಾನಸಿಕ ಕಾಯಿಲೆಗಳ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿ, ವಯಸ್ಕರಲ್ಲಿ ಶೇ. 10.6 ಮಂದಿ ಯಾವುದಾದರೊಂದು ಮಾನಸಿಕ ಅಸ್ವಸ್ಥತೆಯಿಂದ ಬಳಲುತ್ತಿರುವುದನ್ನೂ, ಬಗೆಬಗೆಯ ಅಸ್ವಸ್ಥತೆಗಳಲ್ಲಿ ಶೇ. 70ರಿಂದ 92ರಷ್ಟು ಜನ ಚಿಕಿತ್ಸೆಯಿಲ್ಲದೆ ಉಳಿದಿರುವುದನ್ನೂ ಗುರುತಿಸಿತು. ಚಿಕಿತ್ಸೆ ಬೇಕಾದವರಿಗೂ ಪಡೆದವರಿಗೂ ಇರುವ ಈ ಅಂತರವು ಮಾನಸಿಕ ಆರೋಗ್ಯ ಸೇವೆಯನ್ನು ಜಿಲ್ಲೆ ಮತ್ತು ತಾಲ್ಲೂಕು ಮಟ್ಟಕ್ಕೆ ಕೊಂಡೊಯ್ಯಬೇಕೆಂಬ ವಾದಕ್ಕೆ ಬಲ ತಂದಿತು. ಮಕ್ಕಳ ಮತ್ತು ಹದಿಹರೆಯದವರ ಪೋಷಣೆಯನ್ನು ಕುರಿತ ಸಮಗ್ರ ರಾಷ್ಟ್ರೀಯ ಪೋಷಣೆ ಸಮೀಕ್ಷೆ 2016–18ರಲ್ಲಿಯೂ, ಸಾಂಕ್ರಾಮಿಕವಲ್ಲದ ರೋಗಗಳ ನಿಗಾ ಸಮೀಕ್ಷೆ 2017–18ರಲ್ಲಿಯೂ ನಡೆದವು.

ಮಿತಿಗಳು ಮತ್ತು ತಪ್ಪು ಓದುಗಳು

ಸಮೀಕ್ಷೆಯ ಪ್ರತಿ ಅಂಕಿಯೂ ಅಂದಾಜು. ಎಲ್ಲ ಮನೆಗಳಿಗೂ ಹೋಗದೆ ಆಯ್ದ ಮನೆಗಳಿಂದ ಪಡೆದದ್ದಾದ್ದರಿಂದ ಅದರ ಸುತ್ತ ಒಂದು ಏರುಪೇರಿನ ವ್ಯಾಪ್ತಿ ಇರುತ್ತದೆ. ಇದನ್ನು ಮಾದರಿ ದೋಷ ಎನ್ನುತ್ತಾರೆ. ಜಿಲ್ಲೆಯ ಮಟ್ಟಕ್ಕೆ ಇಳಿದಂತೆ ಮನೆಗಳ ಸಂಖ್ಯೆ ಕಡಿಮೆಯಾಗಿ ಈ ವ್ಯಾಪ್ತಿ ಹಿಗ್ಗುತ್ತದೆ. ಕರ್ನಾಟಕದಲ್ಲಿ ಕುಂಠಿತ ಬೆಳವಣಿಗೆಯು ನಾಲ್ಕು ಮತ್ತು ಐದನೆಯ ಸುತ್ತುಗಳ ನಡುವೆ ಶೇ. 36.2ರಿಂದ ಶೇ. 35.4ಕ್ಕೆ ಇಳಿದದ್ದನ್ನು, ಅಷ್ಟು ಸಣ್ಣ ವ್ಯತ್ಯಾಸದ ಬಲದ ಮೇಲೆ, ಪ್ರಗತಿಯೆಂದು ಸಾರುವಂತಿಲ್ಲ.

ಅಳತೆಯ ವಿಧಾನವೂ ಫಲಿತಾಂಶವನ್ನು ಬದಲಿಸುತ್ತದೆ. ಕುಟುಂಬ ಆರೋಗ್ಯ ಸಮೀಕ್ಷೆಯು ಬೆರಳ ತುದಿಯನ್ನು ಚುಚ್ಚಿ ತೆಗೆದ ರಕ್ತದಲ್ಲಿ ಹಿಮೋಗ್ಲೋಬಿನ್ ಅಳೆದರೆ, ಸಮಗ್ರ ಪೋಷಣೆ ಸಮೀಕ್ಷೆಯು ರಕ್ತನಾಳದಿಂದ ತೆಗೆದ ರಕ್ತವನ್ನು ಬಳಸಿತು. ಎರಡನೆಯದರಲ್ಲಿ ಮಕ್ಕಳ ರಕ್ತಹೀನತೆಯ ಪ್ರಮಾಣ ಗಣನೀಯವಾಗಿ ಕಡಿಮೆ ಕಂಡುಬಂದಿತು. ಮಕ್ಕಳಲ್ಲಿ ರಕ್ತಹೀನತೆ ಶೇ. 58.6ರಿಂದ ಶೇ. 67.1ಕ್ಕೆ ಏರಿತೆಂಬ ಐದನೆಯ ಸುತ್ತಿನ ಫಲಿತಾಂಶ ವಿದ್ವಾಂಸರ ನಡುವೆ ಚರ್ಚೆಗೆ ಒಳಗಾದದ್ದು ಈ ಹಿನ್ನೆಲೆಯಲ್ಲಿ.

ಸೂಚಕದ ವ್ಯಾಖ್ಯೆಯನ್ನು ಗಮನಿಸದೆ ಓದಿದರೆ ದಾರಿ ತಪ್ಪುವುದು ಸುಲಭ. ಐದನೆಯ ಸುತ್ತು ಸಾವಿರ ಪುರುಷರಿಗೆ 1,020 ಮಹಿಳೆಯರು ಎಂದು ತಿಳಿಸಿದಾಗ ಹೆಣ್ಣುಭ್ರೂಣಹತ್ಯೆಯ ಸಮಸ್ಯೆ ಮುಗಿಯಿತೆಂಬ ಅಭಿಪ್ರಾಯ ಹರಡಿತು. ಆ ಅಂಕಿಯು ಸಮೀಕ್ಷೆಯ ಹಿಂದಿನ ರಾತ್ರಿ ಮನೆಯಲ್ಲಿ ತಂಗಿದ್ದವರನ್ನು ಎಣಿಸಿದ್ದು. ದುಡಿಮೆಗಾಗಿ ಊರು ಬಿಟ್ಟು ಶಿಬಿರ, ವಸತಿಗೃಹಗಳಲ್ಲಿ ಇರುವ ಪುರುಷರು ಅದರಿಂದ ಹೊರಗುಳಿಯುತ್ತಾರೆ. ಲಿಂಗ ಆಯ್ಕೆಯನ್ನು ತೋರಿಸುವ ಸೂಚಕ ಜನನ ಸಮಯದ ಲಿಂಗಾನುಪಾತ. ಅದೇ ಸುತ್ತಿನಲ್ಲಿ ಅದು ಸಾವಿರ ಗಂಡುಮಕ್ಕಳಿಗೆ 929 ಹೆಣ್ಣುಮಕ್ಕಳಷ್ಟೇ ಇತ್ತು.

ಕಾಲದ ಅಂತರ ಇನ್ನೊಂದು ತೊಡಕು. ಮೂರನೆಯ ಮತ್ತು ನಾಲ್ಕನೆಯ ಸುತ್ತುಗಳ ನಡುವೆ ಹತ್ತು ವರ್ಷ ಕಳೆದುಹೋದದ್ದರಿಂದ ಗ್ರಾಮೀಣ ಆರೋಗ್ಯ ಅಭಿಯಾನದ ಮೊದಲ ದಶಕವನ್ನು ಇತರ ಸಮೀಕ್ಷೆಗಳ ನೆರವಿನಿಂದ ಅಳೆಯಬೇಕಾಯಿತು. ಐದನೆಯ ಸುತ್ತಿನ ಕ್ಷೇತ್ರಕಾರ್ಯ ಕೆಲವು ರಾಜ್ಯಗಳಲ್ಲಿ ಕೋವಿಡ್‌ಗೆ ಮೊದಲೇ ಮುಗಿದು, ಉಳಿದೆಡೆ ಅದರ ನಡುವೆ ನಡೆದದ್ದರಿಂದ ರಾಜ್ಯಗಳ ಹೋಲಿಕೆಗೆ ಎಚ್ಚರ ಬೇಕು. ಅಮೆರಿಕದ ನೆರವಿನಿಂದ ನಡೆಯುತ್ತಿದ್ದ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷಾ ಕಾರ್ಯಕ್ರಮವನ್ನು ಆ ದೇಶ 2025ರಲ್ಲಿ ನಿಲ್ಲಿಸಿದ್ದು, ಹೊರಗಿನ ಹಣವನ್ನು ನಂಬಿದ ದೇಶಗಳಲ್ಲಿ ಮಾಹಿತಿಯ ಸರಣಿಯೇ ಕಡಿದುಹೋಗುವ ಅಪಾಯವನ್ನು ತೋರಿಸಿದೆ.

ಮೌಲ್ಯಮಾಪನ

ಕೊರತೆ ಎಲ್ಲಿದೆ, ಎಷ್ಟಿದೆ ಎಂಬುದನ್ನು ಸಮೀಕ್ಷೆ ಹೇಳುತ್ತದೆ. ಏಕಿದೆ ಎಂಬುದಕ್ಕೆ ಸುಳಿವು ಕೊಟ್ಟರೂ ಪೂರ್ಣ ಉತ್ತರ ಕೊಡಲಾರದು. ಐದನೆಯ ಸುತ್ತಿನಲ್ಲಿ ಗರ್ಭಿಣಿಯರಾಗಿದ್ದಾಗ ನೂರು ದಿನ ಅಥವಾ ಅದಕ್ಕೂ ಹೆಚ್ಚು ಕಬ್ಬಿಣಾಂಶದ ಮಾತ್ರೆ ಸೇವಿಸಿದವರು ಶೇ. 44ರಷ್ಟೆಂದು ಗೊತ್ತಾಗುತ್ತದೆ, ಉಳಿದವರಿಗೆ ಮಾತ್ರೆ ತಲುಪಲಿಲ್ಲವೋ, ತಲುಪಿದರೂ ವಾಕರಿಕೆಯಿಂದ ಬಿಟ್ಟರೋ ಎಂಬುದನ್ನು ತಿಳಿಯಲು ಊರಿನ ಮಟ್ಟದ ವಿಚಾರಣೆಯೇ ಬೇಕು. ಕ್ಷಯರೋಗದ ವಿಷಯದಲ್ಲಿ ರಾಷ್ಟ್ರೀಯ ಸಮೀಕ್ಷೆಯ ಅಂಕಿಗಳ ಜೊತೆಗೆ ತುಮಕೂರಿನ ಹಳ್ಳಿಗಳ ವಿಚಾರಣೆಯೂ ಸೇರಿದ್ದರಿಂದಲೇ ಅನುಷ್ಠಾನಯೋಗ್ಯವಾದ ಕಾರ್ಯಕ್ರಮ ಹುಟ್ಟಿತು. ನಿಯತ ಕಾಲಕ್ಕೆ, ವಿಧಾನವನ್ನು ಬದಲಿಸದೆ ಅಥವಾ ಬದಲಿಸಿದ್ದನ್ನು ಬಹಿರಂಗವಾಗಿ ತಿಳಿಸಿ, ಸರ್ಕಾರಕ್ಕೆ ಒಗ್ಗದ ಫಲಿತಾಂಶವನ್ನೂ ಪ್ರಕಟಿಸುವ ಸ್ವಾತಂತ್ರ್ಯದೊಂದಿಗೆ ನಡೆಸಿದಾಗ, ಮತ್ತು ಅದರ ಅಂಕಿಗಳನ್ನು ಸೇವಾ ದಾಖಲೆ ಹಾಗೂ ಸ್ಥಳೀಯ ವಿಚಾರಣೆಗಳೊಂದಿಗೆ ಕೂಡಿಸಿ ಓದಿದಾಗ ಮಾತ್ರ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯು ಯೋಜನೆಗೆ ಭದ್ರವಾದ ಆಧಾರವಾಗುತ್ತದೆ.